ಗಾರ್ಡ್ ಕಳಚಿದ ಗ್ರೈಂಡರ್: ಬಿಚ್ಚಿ, ಸರಿಪಡಿಸಿ, ಮತ್ತೆ ಓಡಿಸಿದ್ದು

ಮೇಜಿನ ಮೇಲೆ ಬಂದು ಕೂತಿರುವುದು 4 ಇಂಚಿನ, ಅಂದರೆ 100 ಮಿ.ಮೀ. ಡಿಸ್ಕಿನ ಆಂಗಲ್ ಗ್ರೈಂಡರ್. ಗೇಟು, ಗ್ರಿಲ್ ಕೆಲಸ ಮಾಡುವ ಪರಿಚಯದವರೊಬ್ಬರದು. ಅವರು ಹೇಳಿದ ದೂರು ಇಷ್ಟು: ಚಾಲೂ ಮಾಡಿದರೆ ಹಿಂದಿನ ಗಾಳಿಕಿಂಡಿಯಲ್ಲಿ ದೊಡ್ಡ ಕಿಡಿ ಕಾಣುತ್ತದೆ, ಸ್ವಲ್ಪ ಹೊತ್ತಿಗೇ ಸುಟ್ಟ ವಾಸನೆ, ಒತ್ತಿದರೆ ಶಕ್ತಿ ಇಲ್ಲ. "ಕಾರ್ಬನ್ ಹೋಗಿರ್ಬೇಕು ಅಣ್ಣ, ಹೊಸ ಜೋಡಿ ಹಾಕ್ಬಿಡಿ, ಸಾಕು" ಅಂದರು.

ಕಾರ್ಬನ್, ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಬ್ರಶ್ ಜೋಡಿ, ಹೋಗಿತ್ತು ನಿಜ. ಆದರೆ ಯಂತ್ರವನ್ನು ಕೈಗೆತ್ತಿಕೊಂಡಾಗಲೇ ಬೇರೆ ಮೂರು ಸಂಗತಿ ಕಣ್ಣಿಗೆ ಬಿದ್ದವು. ಡಿಸ್ಕನ್ನು ಮರೆಮಾಡುವ ಕವಚ, ಅಂದರೆ ಗಾರ್ಡ್ ಇಲ್ಲ, ಅದನ್ನು ಹಿಡಿಯುವ ಸ್ಕ್ರೂ ಕೂಡ ಇಲ್ಲ. ಪಕ್ಕದ ಹಿಡಿ ಇಲ್ಲ, ಅದು ಕೂರುವ ತೂತಿನಲ್ಲಿ ಕಬ್ಬಿಣದ ಪುಡಿ ಗಟ್ಟಿಯಾಗಿ ಕೂತಿದೆ. ಬಹಳ ಕಾಲದಿಂದ ಯಾರೂ ಅದನ್ನು ಹಾಕಿಲ್ಲ. ವೈರು ಯಂತ್ರದಿಂದ ಹೊರಬರುವಲ್ಲೇ ಕಪ್ಪು ಟೇಪಿನ ಗಂಟು. ಈ ಮೂರನ್ನೂ ಮಾಲೀಕರು ದೂರಿನ ಪಟ್ಟಿಗೆ ಸೇರಿಸಿರಲಿಲ್ಲ. ಯಂತ್ರ ಓಡುವುದಕ್ಕೂ ಇವಕ್ಕೂ ಸಂಬಂಧವಿಲ್ಲ ಎಂಬುದು ಅವರ ಎಣಿಕೆ. ಸಂಬಂಧ ಎಷ್ಟು ಹತ್ತಿರದ್ದು ಎಂಬುದು ಒಳಗೆ ಹೋದಂತೆ ಗೊತ್ತಾಯಿತು. ಈ ದುರಸ್ತಿಯನ್ನು ಬರೆದಿಡಬೇಕು ಅನ್ನಿಸಿದ್ದು ಅದಕ್ಕೇ.

ಬಿಚ್ಚುವ ಮುಂಚೆ

ಪ್ಲಗ್ ಕಿತ್ತು, ಅದರ ತುದಿಯನ್ನು ಮೇಜಿನ ಮೇಲೆ ಕಣ್ಣೆದುರೇ ಇಟ್ಟುಕೊಂಡೆ. ಗೋಡೆಯ ಸ್ವಿಚ್ ಆರಿಸಿದ್ದೇನೆ ಎಂಬ ನಂಬಿಕೆ ಈ ಕೆಲಸಕ್ಕೆ ಸಾಲದು. ಇನ್ನೊಬ್ಬರು ಬಂದು ಅದನ್ನೇ ಒತ್ತಬಹುದು. ಡಿಸ್ಕ್ ಬದಲಿಸುವಾಗಲೂ ಇದೇ ಕ್ರಮ. ಡಿಸ್ಕ್ ಕೂರುವ ದಂಡವನ್ನು, ಅಂದರೆ ಸ್ಪಿಂಡಲನ್ನು, ತಿರುಗದಂತೆ ಹಿಡಿಯುವ ಲಾಕ್ ಗುಂಡಿ ಇರುವುದು ನಿಂತ ಯಂತ್ರಕ್ಕೆ. ಸ್ವಿಚ್ ಆರಿಸಿದ ಮೇಲೂ ಡಿಸ್ಕ್ ಒಂದಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ. ಆ ಅವಸರದಲ್ಲಿ ಗುಂಡಿ ಒತ್ತಿದರೆ ಗೇರಿನ ಹಲ್ಲೋ ಗುಂಡಿಯ ಪಿನ್ನೋ ಮುರಿಯುತ್ತದೆ.

ವಿದ್ಯುತ್ ಇಲ್ಲದೆಯೇ ಯಂತ್ರ ಬಹಳಷ್ಟು ಹೇಳುತ್ತದೆ. ಸ್ಪಿಂಡಲನ್ನು ಬೆರಳಿನಲ್ಲಿ ನಿಧಾನ ತಿರುಗಿಸಿದೆ. ಒಳಗೆ ಎಲ್ಲೋ ಮರಳು ಅರೆದಂತೆ ಕರಕರ. ಹಿಡಿದು ಅಲುಗಿಸಿದರೆ ಸ್ಪಿಂಡಲಿನಲ್ಲಿ ಸಡಿಲ ಇಲ್ಲ. ಅಂದರೆ ಮುಂದಿನ ಬೇರಿಂಗ್ ಪರವಾಗಿಲ್ಲ, ತೊಂದರೆ ಹಿಂದೆ. ಸ್ವಿಚ್ಚಿನ ಜಾರುಗುಂಡಿಯನ್ನು ಮುಂದೆ ತಳ್ಳಿ ಹಿಂಭಾಗ ಒತ್ತಿದೆ. ತಟ್ಟನೆ ಹಿಂದಕ್ಕೆ ಬರಬೇಕಾದದ್ದು ಅರ್ಧಕ್ಕೆ ನಿಂತಿತು. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಇದೇ. ಕೆಲಸದ ನಡುವೆ ಕರೆಂಟು ಹೋಗುತ್ತದೆ, ಗ್ರೈಂಡರನ್ನು ಕೆಳಗಿಟ್ಟು ಹೋಗುತ್ತಾರೆ, ಸ್ವಿಚ್ ಚಾಲೂ ಸ್ಥಿತಿಯಲ್ಲೇ ಇರುತ್ತದೆ. ಕರೆಂಟು ಬಂದ ಗಳಿಗೆಯಲ್ಲಿ ನೆಲದ ಮೇಲಿನ ಯಂತ್ರ ತಾನೇ ಎದ್ದು ಓಡುತ್ತದೆ, ಅದೂ ಗಾರ್ಡ್ ಇಲ್ಲದ ಡಿಸ್ಕಿನ ಸಮೇತ.

ಕಾರ್ಬನ್ ಬ್ರಶ್

ಬ್ರಶ್ ಮುಚ್ಚಳ ತೆಗೆದು ಎರಡನ್ನೂ ಹೊರಗೆಳೆದೆ. ಒಂದು ಸುಮಾರು 7 ಮಿ.ಮೀ. ಉಳಿದಿದೆ, ಇನ್ನೊಂದು 4 ಮಿ.ಮೀ. ಕೂಡ ಇಲ್ಲ. ಸಾಮಾನ್ಯವಾಗಿ 5–6 ಮಿ.ಮೀ.ಗೆ ಬಂದರೆ ಬದಲಿಸಬೇಕು. ಕೆಲವು ಬ್ರಶ್‌ಗಳ ಮೈಮೇಲೇ ಸವೆತದ ಗೆರೆ ಇರುತ್ತದೆ. ಒಂದೇ ಸವೆದಿದ್ದರೂ ಬದಲಿಸುವುದು ಜೋಡಿಯಾಗಿಯೇ. ಉದ್ದ ಬೇರೆ ಬೇರೆಯಾದರೆ ಸ್ಪ್ರಿಂಗಿನ ಒತ್ತಡವೂ ಬೇರೆ ಬೇರೆಯಾಗುತ್ತದೆ, ಕಡಿಮೆ ಒತ್ತಡದ ಕಡೆ ಕಿಡಿ ಹೆಚ್ಚುತ್ತದೆ.

ಉದ್ದಕ್ಕಿಂತ ಹೆಚ್ಚು ಹೇಳಿದ್ದು ಬ್ರಶ್‌ನ ಮುಖ. ಸರಿಯಾಗಿ ಸವೆದ ಬ್ರಶ್‌ನ ಮುಖ ಒಳಬಾಗಿ, ನುಣ್ಣಗೆ, ಬೂದು ಹೊಳಪಿನಿಂದ ಕೂಡಿರುತ್ತದೆ. ಇದರ ಮುಖದಲ್ಲಿ ಒಂದು ಅಂಚು ಚೂರು ಚೂರಾಗಿ ಉದುರಿದೆ, ನಡುವೆ ಸುಟ್ಟ ಕುಳಿಗಳು. ಬ್ರಶ್ ತಾನಾಗಿ ಸವೆದದ್ದಲ್ಲ, ಕೆಳಗಿನ ತಾಮ್ರದ ಮೇಲೆ ಕುಣಿದು ಕುಣಿದು ಒಡೆದದ್ದು. ಹೊಸ ಜೋಡಿ ಹಾಕಿ ಕಳಿಸಿದ್ದರೆ ಯಂತ್ರ ಒಂದಷ್ಟು ದಿನ ಓಡಿ ಮತ್ತೆ ಇಲ್ಲಿಗೇ ಬರುತ್ತಿತ್ತು, ಆಗ ಮೋಟಾರಿನ ತಿರುಗುವ ಭಾಗವಾದ ಆರ್ಮೇಚರ್ ಕೂಡ ಸತ್ತಿರುತ್ತಿತ್ತು. ಹಾಗಾಗಿ ಪೂರ್ತಿ ಬಿಚ್ಚಲೇಬೇಕು.

ಒಂದು ಮಾತು: ಹಳೆಯ ಬ್ರಶ್‌ಗಳನ್ನೇ ಮತ್ತೆ ಬಳಸುವುದಿದ್ದರೆ ತೆಗೆಯುವಾಗಲೇ ಎಡ, ಬಲ, ಮೇಲುಮುಖ ಗುರುತು ಹಾಕಿಕೊಳ್ಳಿ. ಅದರ ಬಾಗು ಆ ಜಾಗಕ್ಕೆ ಹೊಂದಿ ಬಂದದ್ದು. ಅದಲುಬದಲಾದರೆ ಪೂರ್ತಿ ಮುಖ ತಾಮ್ರಕ್ಕೆ ಕೂರುವುದಿಲ್ಲ.

ಆರ್ಮೇಚರ್, ಬೇರಿಂಗ್

ಗೇರ್ ತಲೆಯ ನಾಲ್ಕು ಸ್ಕ್ರೂ ಬಿಚ್ಚಿ ಎಳೆದರೆ ಆರ್ಮೇಚರ್ ಅದರ ಜೊತೆಗೇ ಬರುತ್ತದೆ. ಬ್ರಶ್ ಮೊದಲೇ ತೆಗೆದಿರಬೇಕು, ಇಲ್ಲದಿದ್ದರೆ ಎಳೆಯುವಾಗ ಅವೇ ಅಡ್ಡಬಂದು ಮುರಿಯುತ್ತವೆ. ಹೊರಗೆ ಬಂದದ್ದರ ಮೈತುಂಬ ಕಪ್ಪು ಪುಡಿ. ಅದನ್ನು ಊದದೆ ಒಂದು ಬಿಳಿ ಕಾಗದದ ಮೇಲೆ ಉದುರಿಸಿ, ಅಯಸ್ಕಾಂತ ಹಿಡಿದೆ. ಹೆಚ್ಚಿನ ಪಾಲು ಎದ್ದು ಅಂಟಿಕೊಂಡಿತು. ಕಾರ್ಬನ್ ಪುಡಿ ಸ್ವಲ್ಪವೇ, ಉಳಿದದ್ದೆಲ್ಲ ಕಬ್ಬಿಣ. ಗ್ರೈಂಡರಿನ ಫ್ಯಾನು ತಂಪಿಗಾಗಿ ಹಿಂದಿನಿಂದ ಗಾಳಿ ಎಳೆದು ಮುಂದೆ ಬಿಡುತ್ತದೆ. ಕತ್ತರಿಸಿದ ಕಬ್ಬಿಣದ ದೂಳು ಗಾಳಿಯಲ್ಲಿ ತೇಲುತ್ತಿದ್ದರೆ ಅದನ್ನೂ ಎಳೆದುಕೊಳ್ಳುತ್ತದೆ.

ಹಿಂದಿನ ಬೇರಿಂಗನ್ನು ಬೆರಳ ತುದಿಯಲ್ಲಿ ತಿರುಗಿಸಿದೆ. ಕರಕರ ಇಲ್ಲಿಯದೇ. ಒಳವರ್ತುಲವನ್ನು ಹಿಡಿದು ಹೊರವರ್ತುಲವನ್ನು ಅಲುಗಿಸಿದರೆ ಕಣ್ಣಿಗೆ ಕಾಣುವಷ್ಟು ಆಟ. ಒಳಗಿನ ಗ್ರೀಸು ಕಂದು ಬಣ್ಣದ ಒಣ ಹಿಟ್ಟಾಗಿದೆ. ಇನ್ನು ಲೆಕ್ಕ ಹಾಕಿ. ಯಂತ್ರದ ಮೇಲೆ ಬರೆದ ವೇಗ ನಿಮಿಷಕ್ಕೆ 11,000 ಸುತ್ತು. ಅದು ಸ್ಪಿಂಡಲಿನ ವೇಗ. ಆರ್ಮೇಚರಿನ ತುದಿಯ ಚಿಕ್ಕ ಗೇರಿಗೆ ದೊಡ್ಡ ಗೇರಿನ ಮೂರನೇ ಒಂದಕ್ಕಿಂತಲೂ ಕಡಿಮೆ ಹಲ್ಲು, ಆದ್ದರಿಂದ ಆರ್ಮೇಚರ್ ತಿರುಗುವುದು 30,000ಕ್ಕೂ ಮೇಲೆ. ಆ ವೇಗದಲ್ಲಿ ಸಡಿಲ ಬೇರಿಂಗ್ ಅಂದರೆ, ಬ್ರಶ್ ಕೆಳಗಿನ ತಾಮ್ರದ ಪಟ್ಟಿಗಳ ಉರುಳೆ, ಅಂದರೆ ಕಮ್ಯುಟೇಟರ್, ಒಂದೇ ಕಡೆ ನಿಲ್ಲದೆ ಅದುರುತ್ತದೆ. ಬ್ರಶ್ ಎಗರುತ್ತದೆ. ಎಗರಿದಾಗಲೆಲ್ಲ ಕಿಡಿ, ಕಿಡಿಯಿಂದ ತಾಮ್ರ ಸುಡುತ್ತದೆ, ಸುಟ್ಟ ತಾಮ್ರದ ಮೇಲೆ ಬ್ರಶ್ ಇನ್ನೂ ಎಗರುತ್ತದೆ.

ಬೇರಿಂಗ್ ಹೋದದ್ದು ಯಾಕೆ? ದೂಳು ಒಂದು ಕಾರಣ, ಅದು ಖಚಿತ. ಇನ್ನೊಂದು ಕಾರಣ ಡಿಸ್ಕ್ ಕೂರುವ ಕಡೆ ಸಿಕ್ಕಿತು. ಡಿಸ್ಕಿಗೆ ಹಿಂದಿನಿಂದ ಆಸರೆಯಾಗುವ ಬಿಲ್ಲೆಯ, ಅಂದರೆ ಒಳಗಿನ ಫ್ಲ್ಯಾಂಜಿನ ಗುಬಟೆಯ ಸುತ್ತ ತಗಡಿನಿಂದ ಕೈಯಲ್ಲೇ ಕತ್ತರಿಸಿದ ಒಂದು ಬಳೆ. 100 ಮಿ.ಮೀ. ಡಿಸ್ಕಿನ ತೂತು 16 ಮಿ.ಮೀ.; 125 ಮಿ.ಮೀ. ಡಿಸ್ಕಿನದು 22.23. ದೊಡ್ಡ ಡಿಸ್ಕ್ ಹಾಕಲು ಮಾಡಿಕೊಂಡ ಉಪಾಯ ಅದು. ದೊಡ್ಡ ಡಿಸ್ಕಿಗೆ ಗಾರ್ಡ್ ಅಡ್ಡ ಬರುತ್ತದೆ, ಹಾಗಾಗಿ ಗಾರ್ಡ್ ತೆಗೆದಿದ್ದಾರೆ. ಕೈಯಲ್ಲಿ ಕತ್ತರಿಸಿದ ಬಳೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಡಿಸ್ಕ್ ನಡುಮಧ್ಯ ಕೂರುವುದಿಲ್ಲ. ಅರ್ಧ ಮಿ.ಮೀ. ಪಕ್ಕಕ್ಕೆ ಕೂತ ಡಿಸ್ಕ್ 11,000 ಸುತ್ತಿನಲ್ಲಿ ಇಡೀ ಯಂತ್ರವನ್ನು ನಡುಗಿಸುತ್ತದೆ, ಆ ನಡುಕವನ್ನು ಹೊರುವುದು ಬೇರಿಂಗುಗಳು. ಮೋಟಾರನ್ನು ಸುಟ್ಟದ್ದೂ ಕೆಲಸಗಾರರ ಕೈ ಮುಖಗಳನ್ನು ಅಪಾಯಕ್ಕೆ ಒಡ್ಡಿದ್ದೂ ಒಂದೇ ತಗಡಿನ ಬಳೆ.

ಬೇರಿಂಗ್ ಸಂಖ್ಯೆ 607: ಒಳಗೆ 7, ಹೊರಗೆ 19, ದಪ್ಪ 6 ಮಿ.ಮೀ. ಸಂಖ್ಯೆ ಒಂದೇ ಇದ್ದರೂ ಮುಚ್ಚಳದಲ್ಲಿ ವ್ಯತ್ಯಾಸ ಇದೆ, ಇಲ್ಲಿ ಅದೇ ಮುಖ್ಯ. ಲೋಹದ ತಗಡಿನ ಮುಚ್ಚಳದ್ದು ವೇಗಕ್ಕೆ ಒಗ್ಗುತ್ತದೆ, ಆದರೆ ಸಣ್ಣ ದೂಳನ್ನು ತಡೆಯುವುದಿಲ್ಲ. ಒಳವರ್ತುಲಕ್ಕೆ ತಾಗಿ ನಿಲ್ಲುವ ರಬ್ಬರ್ ಸೀಲಿನದು ದೂಳು ತಡೆಯುತ್ತದೆ, ಆದರೆ 30,000 ಸುತ್ತಿನಲ್ಲಿ ರಬ್ಬರೇ ಉಜ್ಜಿ ಬಿಸಿಯಾಗುತ್ತದೆ. ಬೇಕಾದದ್ದು ಮೂರನೆಯ ಬಗೆ: ರಬ್ಬರ್ ಸೀಲ್ ಇದ್ದೂ ಒಳವರ್ತುಲವನ್ನು ಮುಟ್ಟದೆ ಕಿರಿದಾದ ಸಂದಿ ಬಿಟ್ಟು ನಿಲ್ಲುವಂಥದ್ದು. ತಯಾರಕರ ಪಟ್ಟಿಯಲ್ಲಿ ಅದರ ಗರಿಷ್ಠ ವೇಗ ನೋಡಿಯೇ ತಂದೆ. ಸಿಕ್ಕಿದ್ದನ್ನು ಹಾಕಿದರೆ ಅದೂ ಬೇಗ ಹೋಗುತ್ತದೆ.

ಹಳೆಯದನ್ನು ಚಿಕ್ಕ ಪುಲ್ಲರ್ ಹಾಕಿ ಎಳೆದೆ. ಹೊಸದನ್ನು ಶಾಫ್ಟಿಗೆ ಏರಿಸುವಾಗ ಒತ್ತಡ ಒಳವರ್ತುಲದ ಮೇಲಷ್ಟೇ ಬೀಳಬೇಕು. ಶಾಫ್ಟಿಗೆ ಸರಿಹೊಂದುವ ಕೊಳವೆಯ ತುಂಡನ್ನು ಒಳವರ್ತುಲದ ಮೇಲಿಟ್ಟು ವೈಸಿನಲ್ಲಿ ನಿಧಾನ ಒತ್ತಿದೆ. ಹೊರವರ್ತುಲದ ಮೇಲೆ ಸುತ್ತಿಗೆಯಿಂದ ಬಡಿದರೆ ಆ ಪೆಟ್ಟು ಗುಂಡುಗಳ ಮೂಲಕ ಹೋಗಿ, ಅವು ಓಡುವ ದಾರಿಯಲ್ಲಿ ತಗ್ಗು ಬೀಳಿಸುತ್ತದೆ. ಹೊಸ ಬೇರಿಂಗ್ ಹಾಕಿದ ದಿನವೇ ಕೂಗಲು ಶುರುಮಾಡುತ್ತದೆ. ಬೇರಿಂಗ್ ಕೂರುವ ಪ್ಲಾಸ್ಟಿಕ್ ಗೂಡನ್ನೂ ನೋಡಿದೆ. ಬೇರಿಂಗ್ ಸಿಕ್ಕಿಬಿದ್ದು ಹೊರವರ್ತುಲವೇ ತಿರುಗಿದ್ದರೆ ಗೂಡು ಕರಗಿ ಅಗಲವಾಗಿರುತ್ತದೆ, ಆಗ ಮೈಯನ್ನೇ ಬದಲಿಸಬೇಕು. ಅದೃಷ್ಟಕ್ಕೆ ಇಲ್ಲಿ ಗೂಡೂ ಅದರೊಳಗೆ ಬೇರಿಂಗನ್ನು ಹಿಡಿಯುವ ರಬ್ಬರ್ ಬಟ್ಟಲೂ ಗಟ್ಟಿಯಾಗಿಯೇ ಇದ್ದವು.

ಇನ್ನು ಕಮ್ಯುಟೇಟರ್. ತಾಮ್ರದ ಪಟ್ಟಿಗಳ ಮೇಲೆ ಕಪ್ಪು ಕಲೆ, ಕೆಲವು ಪಟ್ಟಿಗಳ ಅಂಚು ಸುಟ್ಟಿದೆ, ಉಗುರು ಎಳೆದರೆ ತಗ್ಗು ಸಿಗುತ್ತದೆ. ತಾಮ್ರ ಎದ್ದು ಬಂದಿಲ್ಲ, ಒಂದು ಪಟ್ಟಿಯೂ ಸಡಿಲವಾಗಿಲ್ಲ. ಉಳಿಯುತ್ತದೆ ಎಂಬ ಭರವಸೆ ಬಂತು. ಮಲ್ಟಿಮೀಟರಿನಲ್ಲಿ ಅಕ್ಕಪಕ್ಕದ ಪಟ್ಟಿಗಳ ನಡುವಿನ ರೋಧವನ್ನು ಸುತ್ತಲೂ ಅಳೆದೆ. ಸಂಖ್ಯೆ ಎಷ್ಟು ಎಂಬುದಕ್ಕಿಂತ ಎಲ್ಲ ಕಡೆ ಒಂದೇ ಬರುತ್ತದೆಯೇ ಎಂಬುದನ್ನು ನೋಡಬೇಕು. ಒಂದು ಕಡೆ ಥಟ್ಟನೆ ಏರಿದರೆ ತಂತಿ ಕಡಿದಿದೆ, ಇಳಿದರೆ ಸುರುಳಿ ಒಳಗೇ ಕೂಡಿಕೊಂಡಿದೆ (ಶಾರ್ಟ್). ಇಲ್ಲಿ ಸಮ ಬಂತು. ಪಟ್ಟಿಗೂ ಶಾಫ್ಟಿಗೂ ನಡುವೆ ಏನೂ ಹರಿಯಬಾರದು, ಹರಿಯಲಿಲ್ಲ. ಸಾಮಾನ್ಯ ಮೀಟರ್ ಇಷ್ಟು ಸಣ್ಣ ರೋಧದಲ್ಲಿ ಒಂದೆರಡು ಸುತ್ತಿನ ದೋಷವನ್ನು ಹಿಡಿಯದೆ ಹೋಗಬಹುದು, ಅದಕ್ಕೇ ಕೊನೆಯ ತೀರ್ಪು ಕಿಡಿ ನೋಡಿಯೇ ಕೊಡಬೇಕು. ಆರ್ಮೇಚರಿನ ಸುತ್ತ ತಿರುಗದೆ ನಿಲ್ಲುವ ಫೀಲ್ಡ್ ಕಾಯಿಲಿನ ಎರಡೂ ಭಾಗ ಸಮ ಇದ್ದವು. ಅಲ್ಲಿಗೆ ಅದರ ಮಾತು ಮುಗಿಯಿತು.

ತಾಮ್ರವನ್ನು ಉಜ್ಜಲು ನುಣುಪಾದ ಗ್ಲಾಸ್ ಪೇಪರ್ ಬಳಸಿದೆ. ಎಮರಿ ಬೇಡ. ಅದರ ಗಟ್ಟಿ ಕಣಗಳು ತಾಮ್ರದಲ್ಲಿ ಹೂತು ಕೂತು ಬ್ರಶ್ ತಿನ್ನುತ್ತವೆ, ಪಟ್ಟಿಗಳ ನಡುವಿನ ಸಂದಿಯಲ್ಲಿ ಉಳಿದರೆ ಕರೆಂಟು ಸೋರುವ ದಾರಿಯೂ ಆಗುತ್ತದೆ. ಆರ್ಮೇಚರನ್ನು ನಿಧಾನ ತಿರುಗಿಸುತ್ತಾ ಕಾಗದದ ಪಟ್ಟಿಯನ್ನು ಸುತ್ತ ಹಿಡಿದು, ಕಪ್ಪು ಹೋಗುವವರೆಗೆ ಮಾತ್ರ ಉಜ್ಜಿದೆ. ತಾಮ್ರದ ಕೆಂಪು ಕಾಣಿಸಿದಾಗ ನಿಲ್ಲಿಸಬೇಕು, ಕನ್ನಡಿಯಂತೆ ಹೊಳೆಸುವ ಹಟ ಬೇಡ.

ಆಮೇಲೆ ಈ ದುರಸ್ತಿಯಲ್ಲೇ ನನಗೆ ತುಂಬ ಇಷ್ಟವಾದ, ತಾಳ್ಮೆ ಬೇಡುವ ಕೆಲಸ. ಪಟ್ಟಿ ಪಟ್ಟಿಗಳ ನಡುವೆ ಅಭ್ರಕದ ತೆಳು ಪದರ ಇರುತ್ತದೆ. ಅದು ತಾಮ್ರಕ್ಕಿಂತ ಗಟ್ಟಿ. ತಾಮ್ರ ಸವೆದಂತೆ ಅಭ್ರಕ ಮೇಲೆದ್ದು ನಿಂತರೆ ಬ್ರಶ್ ಅದರ ಮೇಲೆ ಎಡವುತ್ತದೆ. ಆದ್ದರಿಂದ ಅದನ್ನು ತಾಮ್ರದ ಮಟ್ಟಕ್ಕಿಂತ ಸುಮಾರು ಅರ್ಧ ಮಿ.ಮೀ. ಕೆಳಗೆ ಕೆರೆದು ತೆಗೆಯಬೇಕು. ಹ್ಯಾಕ್ಸಾ ಬ್ಲೇಡಿನ ತುಂಡೊಂದರ ಎರಡೂ ಬದಿ ಸಾಣೆ ಹಿಡಿದು ತೆಳು ಮಾಡಿಕೊಂಡು, ಒಂದೊಂದೇ ಸಂದಿಯನ್ನು ಹಿಂದಿನಿಂದ ಮುಂದಕ್ಕೆ ಎಳೆದು ಬಿಡಿಸಿದೆ. ಭೂತಗನ್ನಡಿ ಹಿಡಿದರೆ ಗೊತ್ತಾಗುತ್ತದೆ: ಕಪ್ಪು ಮಣ್ಣಿನ ಗೆರೆಯಂತಿದ್ದದ್ದು ಚೌಕ ಅಂಚಿನ ಕಾಲುವೆಯಾಗುತ್ತದೆ, ತಳದಲ್ಲಿ ಅಭ್ರಕದ ಬಿಳುಪು ಹೊಳೆಯುತ್ತದೆ. ತಾಮ್ರದ ಅಂಚಿನಲ್ಲಿ ಎದ್ದ ಚಿಕ್ಕ ಮುಳ್ಳುಗಳನ್ನು ಬಿಡಬಾರದು. ಹಲ್ಲುಜ್ಜುವ ಹಳೆಯ ಬ್ರಶ್‌ನಿಂದ ತಿಕ್ಕಿ, ಸಂದಿ ಸಂದಿಯನ್ನೂ ಬೆಳಕಿಗೆ ಹಿಡಿದು ನೋಡಿದೆ. ಎರಡು ಪಟ್ಟಿಗಳನ್ನು ಬೆಸೆಯುವ ಒಂದೇ ಒಂದು ತಾಮ್ರದ ಚೂರು ಉಳಿದರೂ ಅಷ್ಟೂ ಶ್ರಮ ವ್ಯರ್ಥ.

ದೂಳು ತೆಗೆದರೆ ಏನಾಗುತ್ತದೆ

ಈ ಗ್ರೈಂಡರಿನ ಹೆಸರುಪಟ್ಟಿಯಲ್ಲಿ ಚೌಕದೊಳಗೆ ಚೌಕದ ಗುರುತಿದೆ. ಇಮ್ಮಡಿ ಇನ್ಸುಲೇಶನ್ ಎಂದು ಅರ್ಥ. ಅದಕ್ಕೇ ಇದರ ವೈರಿನಲ್ಲಿ ಎರಡೇ ಎಳೆ, ಅರ್ಥಿಂಗ್ ಇಲ್ಲ. ಇದನ್ನು ಸುರಕ್ಷಿತ ಎಂದು ಎಲ್ಲರೂ ನಂಬುತ್ತಾರೆ, ನಂಬಬಹುದು ಕೂಡ, ಒಳಗೆ ಶುಚಿಯಾಗಿರುವವರೆಗೆ. ಕಬ್ಬಿಣದ ದೂಳು, ಕಾರ್ಬನ್ ಪುಡಿ ಎರಡೂ ಕರೆಂಟು ಹಾಯಿಸುವಂಥವು. ಪದರಗಟ್ಟಿ ಕೂತರೆ ಪ್ಲಾಸ್ಟಿಕ್ಕಿನ ಮೇಲೇ ಸೇತುವೆ ಕಟ್ಟಿ, ಎರಡು ಇನ್ಸುಲೇಶನ್ನನ್ನೂ ದಾಟಿ ಗೇರ್ ತಲೆಯ ಲೋಹಕ್ಕೆ ಬಂದುಬಿಡುತ್ತವೆ. ಆ ಲೋಹವನ್ನೇ ನಾವು ಕೈಯಲ್ಲಿ ಹಿಡಿಯುವುದು, ಅರ್ಥಿಂಗ್ ಬೇರೆ ಇಲ್ಲ.

ಇದನ್ನು ಕಣ್ಣಾರೆ ಕಾಣಬೇಕೆಂದು ಬಿಚ್ಚುವ ಮುಂಚೆಯೇ, ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಶನ್ ಅಳೆಯುವ ಮೆಗ್ಗರಿನಲ್ಲಿ ಅಳೆದಿದ್ದೆ. ಪ್ಲಗ್ಗಿನ ಎರಡೂ ಪಿನ್ ಜೋಡಿಸಿ, ಸ್ವಿಚ್ ಚಾಲೂ ಸ್ಥಿತಿಯಲ್ಲಿಟ್ಟು, ಪಿನ್ನಿಗೂ ಸ್ಪಿಂಡಲಿಗೂ ನಡುವೆ 500 ವೋಲ್ಟ್ ಕೊಟ್ಟಾಗ 1 ಮೆಗಾಓಮ್ ಕೂಡ ಬರಲಿಲ್ಲ. ಇಮ್ಮಡಿ ಇನ್ಸುಲೇಶನ್ ಯಂತ್ರಕ್ಕೆ ಕನಿಷ್ಠ 2 ಮೆಗಾಓಮ್ ಇರಬೇಕು ಎಂಬುದು ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಹಿಡಿಯುವ ಅಳತೆ. ಮಲ್ಟಿಮೀಟರ್ ಇದಕ್ಕೆ ಬಾರದು. ಅದು ಕೊಡುವ ಕೆಲವೇ ವೋಲ್ಟಿನಲ್ಲಿ ಎಲ್ಲವೂ ಚೆನ್ನಾಗಿದ್ದಂತೆಯೇ ಕಾಣಬಹುದು.

ಫೀಲ್ಡ್ ಕಾಯಿಲ್, ಬ್ರಶ್ ಗೂಡು, ಸ್ವಿಚ್ಚಿನ ಕೋಣೆ ಇವನ್ನು ಮೊದಲು ಒಣ ಕುಂಚದಿಂದ ಕೆದಕಿ, ವ್ಯಾಕ್ಯೂಮಿನಿಂದ ಎಳೆಸಿ, ಆಮೇಲೆ ಕಡಿಮೆ ಒತ್ತಡದ ಒಣಗಾಳಿ ಊದಿದೆ. ಕನ್ನಡಕ, ದೂಳಿನ ಮಾಸ್ಕ್ ಎರಡೂ ಹಾಕಿಕೊಂಡೇ. ಜೋರು ಗಾಳಿ ಊದಿದರೆ ಕಬ್ಬಿಣದ ಚೂಪು ಕಣಗಳು ಕಾಯಿಲಿನ ಸುರುಳಿಗಳ ಒಳಕ್ಕೆ ನುಗ್ಗುತ್ತವೆ, ಸುರುಳಿಯ ಮೇಲಿನ ವಾರ್ನಿಶ್ ಕೆರೆಯುತ್ತವೆ. ಜಿಡ್ಡಿಗೆ ಅಂಟಿದ ಕಾರ್ಬನ್ನಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆ. ಪೆಟ್ರೋಲ್ ಮುಟ್ಟಬೇಡಿ, ಬೆಂಕಿಯ ಅಪಾಯ ಒಂದಾದರೆ ಪ್ಲಾಸ್ಟಿಕ್, ವಾರ್ನಿಶ್ ಎರಡನ್ನೂ ಅದು ಹಾಳುಮಾಡುತ್ತದೆ. ಪೂರ್ತಿ ಆರಿದ ಮೇಲೆ ಮತ್ತೆ ಅಳೆದರೆ ಮೆಗ್ಗರ್ ಮುಳ್ಳು 100 ಮೆಗಾಓಮ್ ದಾಟಿ ಹೋಯಿತು. ಒಂದು ಭಾಗವನ್ನೂ ಬದಲಿಸದೆ, ಬರೀ ದೂಳು ತೆಗೆದದ್ದಕ್ಕೆ ಬಂದ ವ್ಯತ್ಯಾಸ.

ವೈರು, ಸ್ವಿಚ್, ಗ್ರೀಸು

ಟೇಪಿನ ಗಂಟು ಬಿಚ್ಚಿದರೆ ಒಳಗೆ ಒಂದು ಎಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ತಂತಿ ಕಡಿದಿತ್ತು. ಯಂತ್ರದ ವೈರು ಮೊದಲು ಕಡಿಯುವುದು ಈ ಜಾಗದಲ್ಲೇ, ಬಗ್ಗಿ ಬಗ್ಗಿ. ಜೋಡಣೆ ಮಾಡಲಿಲ್ಲ. ರಬ್ಬರ್ ಹೊದಿಕೆಯ ಎರಡೆಳೆಯ ಹೊಸ ವೈರು, ತುದಿಯಿಂದ ತುದಿಗೆ ಒಂದೇ ತುಂಡು. ಬಗ್ಗುವಲ್ಲಿ ಆಸರೆಯಾಗುವ ರಬ್ಬರ್ ತೋಳನ್ನು ಮೊದಲೇ ವೈರಿಗೆ ಏರಿಸಿ, ಒಳಗಿನ ಕ್ಲಾಂಪ್ ಹೊರಹೊದಿಕೆಯನ್ನು ಕಚ್ಚಿ ಹಿಡಿಯುವಂತೆ ಬಿಗಿದೆ. ಕ್ಲಾಂಪಿನ ಒತ್ತು ಒಳಗಿನ ಎಳೆಗಳ ಮೇಲೆ ಬಿದ್ದರೆ, ಯಾರೋ ವೈರು ಹಿಡಿದು ಯಂತ್ರ ಎಳೆದ ದಿನ ಎಳೆ ಟರ್ಮಿನಲಿನಿಂದ ಕಿತ್ತು ಬರುತ್ತದೆ. ಸ್ಕ್ರೂ ಕೆಳಗೆ ಹೋಗುವ ತಂತಿಗೆ ಬೆಸುಗೆ ಸೀಸ ತುಂಬುವ ಅಭ್ಯಾಸ ಕೆಲವರಿಗಿದೆ. ಅದು ಒತ್ತಡಕ್ಕೆ ಕ್ರಮೇಣ ಹರಿದು ಸಡಿಲವಾಗುತ್ತದೆ, ಬಿಸಿಯಾಗುತ್ತದೆ. ಸ್ಕ್ರೂ ಇರುವಲ್ಲಿ ತುದಿಗೆ ಲೋಹದ ತೋಳು ಒತ್ತಿ ಕೂರಿಸುವುದೇ ಸರಿ.

ಸ್ವಿಚ್ಚನ್ನು ತೊಳೆದು ನೋಡಬಹುದಿತ್ತು. ನೋಡಲಿಲ್ಲ, ಹೊಸದು ಹಾಕಿದೆ. ಆರಬೇಕೆಂದಾಗ ಆರದ ಸ್ವಿಚ್ಚಿಗೆ ಎರಡನೇ ಅವಕಾಶ ಕೊಡಬಾರದು ಎಂಬುದು ನನ್ನ ನಿಲುವು. ಅದೇ ವೋಲ್ಟ್, ಅದೇ ಆಂಪಿಯರಿನದು. ಜಾರುಗುಂಡಿಯ ಸರಳನ್ನೂ ಅದರ ದಾರಿಯನ್ನೂ ಶುಚಿ ಮಾಡಿದ ಮೇಲೆ ಒತ್ತಿದ ಕೂಡಲೇ ಹಿಂದಕ್ಕೆ ಹಾರುತ್ತಿದೆ. ಅಲ್ಲಿಗೆ ಎಣ್ಣೆ ಹಾಕಬಾರದು, ಎಣ್ಣೆಗೆ ದೂಳು ಅಂಟಿ ಮತ್ತೆ ಅದೇ ಕತೆ.

ಗೇರ್ ಕೋಣೆಯ ಹಳೆಯ ಗ್ರೀಸು ಕಪ್ಪಾಗಿತ್ತು. ಬಳಿದು ತೆಗೆದು, ತೊಳೆದು, ಗೇರಿಗೆಂದೇ ಬರುವ ಗ್ರೀಸನ್ನು ಹಲ್ಲುಗಳಿಗೆ ಸವರಿ, ಕೋಣೆಯ ಅರ್ಧಕ್ಕಿಂತ ಕಡಿಮೆ ತುಂಬಿದೆ. ಗಿಡಿದು ತುಂಬಿದರೆ ಅದು ಕಡೆದು ಬಿಸಿಯಾಗಿ, ಸೋರಿ, ಆರ್ಮೇಚರಿನ ಕಡೆಗೆ ಹರಿಯುತ್ತದೆ.

ಗಾರ್ಡ್, ಡಿಸ್ಕ್, ಹಿಡಿ

ಗಾರ್ಡ್ ಬಗ್ಗೆ ಕೇಳಿದ್ದಕ್ಕೆ ಮಾಲೀಕರು ಹೇಳಿದ್ದು, "ಮೂಲೆಗೆ ಹೋಗಲ್ಲ ಅಣ್ಣ, ಅಡ್ಡ ಬರುತ್ತೆ." ಮೂಲೆಗೆ ಹೋಗುವುದಿಲ್ಲ ಎಂಬುದು ನಿಜವಾದ ತೊಂದರೆ, ಅದನ್ನು ಅಲ್ಲಗಳೆಯಲಾರೆ. ಆದರೆ ಗಾರ್ಡ್ ತಿರುಗುತ್ತದೆ. ಹಿಡಿಪಟ್ಟಿ ಸಡಿಲಿಸಿ ಬೇಕಾದ ಕೋನಕ್ಕೆ ತಿರುಗಿಸಿ ಬಿಗಿದುಕೊಂಡರೆ ಬಹುಪಾಲು ಮೂಲೆಗಳಿಗೆ ಯಂತ್ರ ಹೋಗುತ್ತದೆ. ಆಗಲೂ ಹೋಗದಿದ್ದರೆ ಆ ಜಾಗ ಗ್ರೈಂಡರಿನದಲ್ಲ, ಅರ ಅಥವಾ ಹ್ಯಾಕ್ಸಾದ್ದು.

ಅದೇ ಕಂಪನಿಯ ಅದೇ ಮಾದರಿಯ ಗಾರ್ಡ್ ತರಿಸಿ, ತಗಡಿನ ಬಳೆಯನ್ನು ತುಂಡು ಮಾಡಿ ಎಸೆದೆ. ಇಲ್ಲಿ ಸಂಖ್ಯೆಗಳನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ಕತ್ತರಿಸುವ ಡಿಸ್ಕಿನ ಅಂಚು ಸೆಕೆಂಡಿಗೆ 80 ಮೀಟರ್ ದಾಟಬಾರದು ಎಂಬುದು ಅದರ ಮೇಲೆ ಅಚ್ಚಾಗಿರುವ ಮಿತಿ. 100 ಮಿ.ಮೀ. ಡಿಸ್ಕ್ 11,000 ಸುತ್ತಿನಲ್ಲಿ ತಿರುಗಿದರೆ ಅಂಚಿನ ವೇಗ ಸುಮಾರು 58 ಮೀಟರ್, ಅಂದರೆ ಗಂಟೆಗೆ 200 ಕಿ.ಮೀ.ಗೂ ಹೆಚ್ಚು. ಅದೇ ಯಂತ್ರಕ್ಕೆ 125ರದ್ದು ಹಾಕಿದರೆ 72 ಮೀಟರ್. ಮಿತಿಯೊಳಗೇ ಇದೆಯಲ್ಲ ಎಂದು ವಾದಿಸಬಹುದು, ವೇಗದ ಲೆಕ್ಕದಲ್ಲಿ ಅದು ಸರಿಯೂ ಹೌದು. ಆದರೆ ಗಾರ್ಡ್ ಹೋಗುತ್ತದೆ, ನಡುಮಧ್ಯ ಕೂರುವುದಿಲ್ಲ, ಬೇರಿಂಗ್ ಸಾಯುತ್ತದೆ. ಇನ್ನು ಯಾರಾದರೂ ದೊಡ್ಡ ಗ್ರೈಂಡರಿನ 180ರ ಡಿಸ್ಕ್ ಹಾಕಿದರೆ ಅಂಚು 100 ಮೀಟರ್ ದಾಟುತ್ತದೆ. ಆ ಡಿಸ್ಕಿನ ಮೇಲೆ ಬರೆದಿರುವ ಗರಿಷ್ಠ ವೇಗವೇ 8,500 ಸುತ್ತಿನ ಆಸುಪಾಸು. ಅದು ಸಿಡಿದಾಗ ಚೂರುಗಳು ಹಾರುವುದು ಈ ವೇಗದಲ್ಲೇ. ಗಾರ್ಡ್ ಇರುವುದು ಆ ಚೂರುಗಳು ನಮ್ಮ ಕಡೆ ಬಾರದಂತೆ ತಡೆಯಲು.

ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ಒಂದು ತಿಂಗಳು, ವರ್ಷ ಒತ್ತಿರುತ್ತದೆ. ಅದು ಬಳಸುವ ಅವಧಿಯ ಕೊನೆ. ರಾಳದಿಂದ ಬೆಸೆದ ಡಿಸ್ಕ್‌ಗಳಿಗೆ ತಯಾರಾದ ದಿನದಿಂದ 3 ವರ್ಷ. ತೇವ, ಬಿಸಿಲು ತಾಗಿದರೆ ರಾಳ ಇನ್ನೂ ಬೇಗ ಬಲ ಕಳೆದುಕೊಳ್ಳುತ್ತದೆ. ಒದ್ದೆ ನೆಲದಲ್ಲಿ ಬಿದ್ದಿದ್ದ, ಬಾಗಿದ, ಅಂಚು ಚಕ್ಕೆ ಎದ್ದ ಡಿಸ್ಕನ್ನು ಹೊಸದಾಗಿ ಕಂಡರೂ ಮುರಿದೇ ಎಸೆಯಬೇಕು, ಇಲ್ಲದಿದ್ದರೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಯಂತ್ರದ ಜೊತೆ ಚೀಲದಲ್ಲಿ ಬಂದಿದ್ದ ಡಿಸ್ಕ್‌ಗಳಲ್ಲಿ ಅವಧಿ ಮುಗಿದವು ಇದ್ದವು. ಅವನ್ನು ಹಾಗೆಯೇ ಮಾಡಿದೆ. ಅದೇ ಚೀಲದಲ್ಲಿ ಮರ ಕೊಯ್ಯುವ ಹಲ್ಲಿನ ಬ್ಲೇಡೂ ಒಂದಿತ್ತು. ಗ್ರೈಂಡರಿಗೆ ಅದನ್ನು ಹಾಕುವುದು ಅತ್ಯಂತ ಅಪಾಯದ ಕೆಲಸ. ಹಲ್ಲು ಮರವನ್ನು ಕಚ್ಚಿದ ಕ್ಷಣ ಯಂತ್ರ ಕೈಯಿಂದ ಕಿತ್ತು ಹೋಗುತ್ತದೆ, ಹಿಡಿದು ನಿಲ್ಲಿಸುವ ಶಕ್ತಿ ಯಾರ ಮಣಿಕಟ್ಟಿಗೂ ಇಲ್ಲ.

ಕಬ್ಬಿಣದಲ್ಲೂ ಯಂತ್ರ ಒದೆಯುತ್ತದೆ. ಡಿಸ್ಕ್ ಸಿಕ್ಕಿಕೊಂಡ ಜಾಗದಲ್ಲಿ ಅದು ಯಾವ ದಿಕ್ಕಿಗೆ ತಿರುಗುತ್ತಿತ್ತೋ ಅದರ ಎದುರು ದಿಕ್ಕಿಗೆ ಯಂತ್ರ ಚಿಮ್ಮುತ್ತದೆ. ಸಿಕ್ಕಿಕೊಳ್ಳುವುದಕ್ಕೆ ಮುಖ್ಯ ಕಾರಣ ಆಸರೆ ಕೊಡುವ ಕ್ರಮ. ಪೈಪಿನ ಎರಡೂ ತುದಿಗೆ ಇಟ್ಟಿಗೆ ಕೊಟ್ಟು ನಡುವೆ ಮೇಲಿಂದ ಕತ್ತರಿಸಿದರೆ, ಕೊನೆಗೆ ಬರುವಾಗ ಪೈಪು ಕುಸಿದು ಸೀಳು ಮುಚ್ಚುತ್ತದೆ, ಡಿಸ್ಕನ್ನು ಕಚ್ಚುತ್ತದೆ. ಬೇಕಾದ ಭಾಗವನ್ನು ಬಿಗಿಯಾಗಿ ಹಿಡಿದು, ಕತ್ತರಿಸಿ ಬೀಳುವ ತುಂಡನ್ನು ತೂಗಲು ಬಿಟ್ಟರೆ ಸೀಳು ತಾನಾಗಿ ತೆರೆದುಕೊಳ್ಳುತ್ತದೆ. ತೆಳು ಡಿಸ್ಕಿನಿಂದ ಪಕ್ಕಕ್ಕೆ ಉಜ್ಜಬಾರದು, ಸೀಳಿನೊಳಗೆ ತಿರುಚಬಾರದು. ಉಜ್ಜಲು ದಪ್ಪ ಡಿಸ್ಕ್ ಬೇರೆಯೇ ಇದೆ. ಪಕ್ಕದ ಹಿಡಿಯನ್ನು ಮತ್ತೆ ಹಾಕಿದ್ದೂ ಇದಕ್ಕೇ: ಒದ್ದಾಗ ಎರಡು ಕೈಯಲ್ಲಿ ತಡೆಯಬಹುದು, ಒಂದೇ ಕೈಯಲ್ಲಿ ಆಗುವುದಿಲ್ಲ.

ಮೊದಲ ಓಟ

ಹೊಸ ಬ್ರಶ್ ಜೋಡಿ ಹಾಕಿ, ಗೂಡಿನಲ್ಲಿ ಸಲೀಸಾಗಿ ಜಾರುತ್ತವೆಯೇ ನೋಡಿ, ಮುಚ್ಚಳ ಬಿಗಿದೆ. ಮೊದಲ ಚಾಲನೆಗೆ ಡಿಸ್ಕ್, ನಟ್ಟು ಎರಡೂ ಇಲ್ಲ. 30 ಮಿಲಿಆಂಪಿಯರ್ ಸೋರಿಕೆಗೆ ಕಡಿಯುವ ಆರ್‌ಸಿಡಿ ಇರುವ ಪ್ಲಗ್ಗಿಗೇ ಹಾಕಿದೆ. ಎರಡೂ ಕೈಯಲ್ಲಿ ಹಿಡಿದು ಚಾಲೂ ಮಾಡಿದಾಗ ಕಿಂಡಿಯಲ್ಲಿ ಕಂಡದ್ದು ಬ್ರಶ್ ತುದಿಗೆ ಅಂಟಿಕೊಂಡ ಸಣ್ಣ ನೀಲಿ ಕಿಡಿ. ಮೊದಲಿಗೆ ಸ್ವಲ್ಪ ಹೆಚ್ಚೇ ಇತ್ತು. ಹೊರೆ ಕೊಡದೆ ಸುಮಾರು 10 ನಿಮಿಷ, ನಡುವೆ ಬಿಡುವು ಕೊಟ್ಟು ಓಡಿಸಿದ ಮೇಲೆ ಬ್ರಶ್ ಮುಖ ತಾಮ್ರಕ್ಕೆ ಹೊಂದಿಕೊಂಡಿತು, ಕಿಡಿ ಇಳಿಯಿತು. ಕಿತ್ತಳೆ ಬಣ್ಣದ ಕಿಡಿ ಕಮ್ಯುಟೇಟರಿನ ಸುತ್ತ ಉಂಗುರ ಕಟ್ಟಿದ್ದರೆ ಆರ್ಮೇಚರಿನ ಸುರುಳಿ ಕೂಡಿಕೊಂಡಿದೆ ಎಂದು ಅರ್ಥ, ಆಗ ರಿವೈಂಡಿಂಗ್ (ಸುರುಳಿಯನ್ನು ಹೊಸದಾಗಿ ಸುತ್ತುವುದು) ಅಥವಾ ಹೊಸದು. ಆ ಹಂತಕ್ಕೆ ಬರಲಿಲ್ಲ.

ಆಮೇಲೆ ಗಾರ್ಡ್, ಹಿಡಿ, ಹೊಸ ಡಿಸ್ಕ್. ಡಿಸ್ಕಿನ ಸಾಲಿನಲ್ಲಿ ನಾನೂ ನಿಲ್ಲದೆ, ಯಾರನ್ನೂ ನಿಲ್ಲಿಸದೆ ಒಂದು ನಿಮಿಷ ಖಾಲಿ ಓಡಿಸಿದೆ. ಪ್ರತಿ ಹೊಸ ಡಿಸ್ಕಿಗೂ ಇದು ಬೇಕು. ಬಿರುಕಿದ್ದರೆ ಬಹುಮಟ್ಟಿಗೆ ಈ ಒಂದು ನಿಮಿಷದಲ್ಲೇ ಗೊತ್ತಾಗುತ್ತದೆ. ನಡುಕ ಇಲ್ಲ. ಕನ್ನಡಕದ ಮೇಲೆ ಮುಖಪರದೆ, ಕಿವಿಗೆ ರಕ್ಷೆ, ಕೈಗೆ ಅಂಟಿಕೊಂಡು ಕೂರುವ ಚರ್ಮದ ಗವುಸು ಹಾಕಿಕೊಂಡು ಆಂಗಲ್ ಪಟ್ಟಿಯೊಂದನ್ನು ಕತ್ತರಿಸಿದೆ. ಯಂತ್ರದ ತೂಕವೇ ಸಾಕು, ಒತ್ತಬೇಕಾಗಲಿಲ್ಲ.

ಹಿಂತಿರುಗಿಸುವಾಗ ಮಾಲೀಕರಿಗೆ ಬ್ರಶ್‌ನ ಮುಖ, ಹಳೆಯ ಬೇರಿಂಗ್, ಕಾಗದದಲ್ಲಿ ಕಟ್ಟಿಟ್ಟಿದ್ದ ಕಬ್ಬಿಣದ ಪುಡಿ ಮೂರನ್ನೂ ಕೈಗೆ ಕೊಟ್ಟು ತೋರಿಸಿದೆ. ಬೇರಿಂಗನ್ನು ಅವರೇ ತಿರುಗಿಸಿ ನೋಡಿದರು. ದಿನದ ಕೊನೆಗೆ ಯಂತ್ರವನ್ನು ಖಾಲಿ ಓಡಿಸುತ್ತಾ ಕಿಂಡಿಗಳಿಗೆ ಒಣಗಾಳಿ ಊದುವುದು, ಕತ್ತರಿಸುವಾಗ ಕಿಡಿಯ ಧಾರೆ ಯಂತ್ರದ ಹಿಂಭಾಗಕ್ಕೆ ಬಾರದಂತೆ ನಿಲ್ಲುವುದು, ಎಕ್ಸ್‌ಟೆನ್ಷನ್ ವೈರನ್ನು ಸುರುಳಿ ಪೂರ್ತಿ ಬಿಚ್ಚಿ ಬಳಸುವುದು, ಈ ಮೂರನ್ನು ಒಪ್ಪಿಕೊಂಡರು. ಸುರುಳಿಯಲ್ಲೇ ಬಿಟ್ಟ ವೈರು ಬಿಸಿಯಾಗುತ್ತದೆ. ತೀರ ತೆಳು, ಉದ್ದದ ವೈರಾದರೆ ವೋಲ್ಟೇಜು ಕುಸಿದು ಯಂತ್ರ ಸೊರಗುತ್ತದೆ, ಕೆಲಸಗಾರ ಇನ್ನಷ್ಟು ಒತ್ತುತ್ತಾನೆ.

ಒಂದು ಬಾಕಿ ಉಳಿದಿದೆ. ದೊಡ್ಡ ಗೇರಿನ ಎರಡು ಹಲ್ಲುಗಳ ಮೇಲೆ ಚಿಕ್ಕ ಕುಳಿಗಳಿವೆ. ಸದ್ದು ತುಸು ಒರಟು, ಆದರೆ ಹಲ್ಲಿನ ಅಂಚು ಗಟ್ಟಿಯಿದೆ, ಬಿರುಕಿಲ್ಲ. ಚಿಕ್ಕ ಗೇರು, ದೊಡ್ಡ ಗೇರು ಜೋಡಿಯಾಗಿಯೇ ಬದಲಾಗಬೇಕಾದ್ದರಿಂದ ಈಗ ಮುಟ್ಟಿಲ್ಲ. ಈ ಬ್ರಶ್ ಜೋಡಿ ಸವೆದು ಯಂತ್ರ ಮತ್ತೆ ತೆರೆದಾಗ ಆ ಹಲ್ಲುಗಳನ್ನೇ ಮೊದಲು ನೋಡಬೇಕೆಂದು ಗೇರ್ ತಲೆಯ ಒಳಗೆ ಮಾರ್ಕರಿನಲ್ಲಿ ಗುರುತು ಹಾಕಿದ್ದೇನೆ, ಸದ್ದು ಅದಕ್ಕೂ ಮೊದಲೇ ಹೆಚ್ಚಿದರೆ ನಿಲ್ಲಿಸಿ ತರಲು ಹೇಳಿದ್ದೇನೆ.